ತಂಬೂರಿಯ ಜೀವವನ್ನು ಬಲ್ಲ ಗಾಯಕ: ಖಾನ್‌ಸಾಹೇಬ ಅಬ್ದುಲ್ ಕರೀಮ್ ಖಾನರು

ನಾದವು ಬಯಲಿನಿಂದ ತಾನಾಗಿ ಹುಟ್ಟಿಬರುವುದಿಲ್ಲ. ಅದಕ್ಕೊಂದು ಆಶ್ರಯ ಬೇಕು. ಒಣಗಿದ ಬುರುಡೆ, ಕಡಿದ ಮರ, ಎಳೆದ ತಂತಿ, ಎಲುಬಿನ ಒಂದು ಚೂರು, ಇವನ್ನೆಲ್ಲ ಒಂದೆಡೆ ಕೂಡಿಸಿ, ಅವುಗಳ ಜಡತೆಯನ್ನು ಕಳೆದು, ನಾದಕ್ಕೆ ನೆಲೆಯಾಗುವಂತೆ ಮಾಡುವ ಕೈಗಳು ಬೇಕು. ಮಹಾತ್ಮ ಬಸವಣ್ಣನವರು ತಮ್ಮ ವಚನವೊಂದರಲ್ಲಿ ತಮ್ಮ ದೇಹವನ್ನೇ ವಾದ್ಯವನ್ನಾಗಿ ಭಾವಿಸಿ ಕೂಡಲಸಂಗಮದೇವನ ಕೈಗೆ ಒಪ್ಪಿಸಿದುದನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ವಾದ್ಯದ ಒಂದೊಂದು ಅಂಗವನ್ನೂ ಅರಿತವರಿಗಲ್ಲದೆ ಅಂತಹ ಭಾವನೆ ಹೊಳೆಯುವುದು ಕಷ್ಟ. ಕಾಯಕದ ಹಿರಿಮೆಯನ್ನು ಸಾರಿದ ಶರಣರ ನಾಡಿನಲ್ಲಿ ಹಾಡುವವನಿಗೆ ಸಲ್ಲುವ ಗೌರವವು ವಾದ್ಯವನ್ನು ಕಟ್ಟುವವನಿಗೂ ತಿದ್ದುವವನಿಗೂ ಸಲ್ಲಬೇಕಾದುದು ನ್ಯಾಯ. ಈ ಎರಡೂ ಕಾಯಕಗಳನ್ನು ಒಂದೇ ಬಾಳಿನಲ್ಲಿ ಬೆಸೆದುಕೊಂಡ ಮಹನೀಯರೊಬ್ಬರು ನಮ್ಮ ಸೀಮೆಗೆ ಅತಿ ಸಮೀಪದ ಮೀರಜದಲ್ಲಿ ಬಾಳಿದರು. ಅವರೇ ಕಿರಾನಾ ಘರಾಣೆಯ ಪ್ರವರ್ತಕರಲ್ಲಿ ಒಬ್ಬರಾದ ಖಾನ್‌ಸಾಹೇಬ ಅಬ್ದುಲ್ ಕರೀಮ್ ಖಾನರು.

ಬೆಳಗಾವಿಯಿಂದ ಮೀರಜಕ್ಕೆ ಸಾಗುವ ರೈಲು ಗೋಕಾಕ ರೋಡ, ಘಟಪ್ರಭಾ, ರಾಯಬಾಗ, ಕುಡಚಿ, ಶೇಡಬಾಳ ನಿಲ್ದಾಣಗಳನ್ನು ದಾಟಿ ಹೋಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಜನರಿಗೆ ಮೀರಜವು ಪರಸ್ಥಳವೆಂದು ತೋರಿದುದೇ ಇಲ್ಲ. ಪೇಟೆಗೆಂದು, ಔಷಧೋಪಚಾರಕ್ಕೆಂದು ಹೋದವರಂತೆಯೇ ಸಂಗೀತಕ್ಕೆಂದು ಹೋದವರೂ ಉಂಟು. ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ಶಾಸ್ತ್ರೀಯ ಸಂಗೀತದ ಶಿಕ್ಷಣವನ್ನು ಪಡೆದುದು ಮೀರಜದ ನೀಲಕಂಠಬುವಾ ಅವರಿಂದ. ಶ್ರೀಕೃಷ್ಣ ಪಾರಿಜಾತದ ಆಟವನ್ನು ನಾಡಿಗೆಲ್ಲ ಹರಡಿದ ಕುಲಗೋಡ ತಮ್ಮಣ್ಣನ ಸೀಮೆ ನಮ್ಮದು. ಇಲ್ಲಿ ಹಾಡಿಗೂ ಭಜನೆಗೂ ಎಂದೂ ಬರಗಾಲವಿಲ್ಲ. ಊರ ಗುಡಿಯಲ್ಲಿ, ಮಠದ ಹಜಾರದಲ್ಲಿ ಶ್ರುತಿ ಹಿಡಿದು ನಿಂತ ತಂಬೂರಿಗಳಲ್ಲಿ ಎಷ್ಟೋ ಮೀರಜದಿಂದ ಬಂದವುಗಳೇ. ಆದುದರಿಂದ ಈ ಚರಿತ್ರೆಯು ನಮಗೆ ನೆರೆಮನೆಯ ಹಿರಿಯರ ಚರಿತ್ರೆಯಂತೆ ಆಪ್ತವಾದುದು.

ಅಬ್ದುಲ್ ಕರೀಮ್ ಖಾನರು 1872ನೆಯ ಇಸವಿ ನವೆಂಬರ 11ರಂದು ಉತ್ತರ ಹಿಂದುಸ್ಥಾನದ ಕೈರಾನಾ ಎಂಬ ಊರಿನಲ್ಲಿ ಜನಿಸಿದರು. ಆ ಊರು ಈಗ ಉತ್ತರ ಪ್ರದೇಶದ ಶಾಮ್ಲಿ ಜಿಲ್ಲೆಯಲ್ಲಿದೆ. ಅದರ ಹೆಸರಿನಿಂದಲೇ ಅವರ ಗಾಯನ ಸಂಪ್ರದಾಯಕ್ಕೆ ಕಿರಾನಾ ಎಂಬ ಅಭಿಧಾನ ಬಂದಿತು. ತಂದೆ ಕಾಲೇ ಖಾನರು. ತಂದೆಯ ಬಳಿಯಲ್ಲಿಯೂ ಬಂಧುಗಳಾದ ಅಬ್ದುಲ್ಲಾ ಖಾನ್, ನನ್ಹೇ ಖಾನ್ ಅವರ ಬಳಿಯಲ್ಲಿಯೂ ಬಾಲಕನ ಅಭ್ಯಾಸ ನಡೆಯಿತು. ಮನೆತನದ ರೂಢಿಯಂತೆ ಕಂಠದ ಜೊತೆಗೆ ಸಾರಂಗಿ, ಬೀನ್, ಸಿತಾರ, ತಬಲಾಗಳ ಪರಿಚಯವೂ ಎಳವೆಯಲ್ಲಿಯೇ ಆಯಿತು. ಮುಂದೆ ಗಾಯಕರೆಂದು ಪ್ರಖ್ಯಾತರಾದರೂ ವಾದ್ಯಗಳ ಮೇಲಣ ಈ ಹಿಡಿತವು ಅವರನ್ನು ಕೊನೆಯವರೆಗೆ ಬಿಡಲಿಲ್ಲ. ಅವರು ನುಡಿಸಿದ ಬೀನ್‌ವಾದನದ ಧ್ವನಿಮುದ್ರಿಕೆಯು ಇಂದಿಗೂ ಲಭ್ಯವಿದೆ.

ತಾರುಣ್ಯದಲ್ಲಿ ಸಹೋದರ ಅಬ್ದುಲ್ ಹಕ್ ಅವರೊಡನೆ ಊರು ಬಿಟ್ಟು ಹೊರಟ ಅವರು ಬರೋಡಾ ಸಂಸ್ಥಾನದಲ್ಲಿ ಆಸ್ಥಾನ ಗಾಯಕರಾದರು. ಅಲ್ಲಿ ಸರದಾರ ಮನೆತನದ ತಾರಾಬಾಯಿ ಮಾನೆ ಎಂಬವರಿಗೆ ಸಂಗೀತ ಕಲಿಸುತ್ತಿರುವಾಗ ಇಬ್ಬರಲ್ಲಿಯೂ ಅನುರಾಗವು ಮೂಡಿತು. ಮತಭೇದದ ಕಾರಣದಿಂದ ವಿರೋಧವು ಎದ್ದಿತು. ಆ ದಂಪತಿಗಳು ಬರೋಡಾವನ್ನು ತೊರೆದು ದಕ್ಷಿಣಾಭಿಮುಖವಾಗಿ ಬಂದು, ಕ್ರಮೇಣ ಮೀರಜವನ್ನು ನೆಲೆಯನ್ನಾಗಿ ಮಾಡಿಕೊಂಡರು. ಪ್ಲೇಗಿನ ಹಾವಳಿಯಲ್ಲಿ ರೋಗಪೀಡಿತರಾದ ಖಾನ್‌ಸಾಹೇಬರು ಅಲ್ಲಿಯ ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿ ಪ್ರಾರ್ಥಿಸಿ ಗುಣಮುಖರಾದರೆಂಬ ನಂಬಿಕೆ ಆ ಊರಿನಲ್ಲಿ ಪ್ರಚಲಿತವಾಗಿದೆ. ಅದು ಹೇಗೆಯೇ ಇರಲಿ, ಆ ದರ್ಗಾದ ಮೇಲಣ ಶ್ರದ್ಧೆಯೂ ಆ ಊರಿನ ಮೇಲಣ ಮಮತೆಯೂ ಅವರಲ್ಲಿ ಕೊನೆಯವರೆಗೆ ಉಳಿದವು.

ಮೀರಜವು ಆ ಕಾಲಕ್ಕಾಗಲೇ ತಂತಿವಾದ್ಯಗಳ ಊರಾಗಿತ್ತು. ಅದರ ಹಿಂದೆಯೂ ಒಂದು ಕಥೆಯುಂಟು. ಶಿಕಲಗಾರರೆಂದರೆ ಕತ್ತಿ ಕಠಾರಿಗಳಿಗೆ ಸಾಣೆ ಹಿಡಿದು ಹೊಳಪು ಕೊಡುವ ವೃತ್ತಿಯವರು. ಇಂಗ್ಲಿಷರ ಆಳಿಕೆ ಬೇರೂರಿ ಸಂಸ್ಥಾನಗಳ ಯುದ್ಧಗಳು ನಿಂತ ಮೇಲೆ ಆ ವೃತ್ತಿಗೆ ಬೇಡಿಕೆ ಕುಗ್ಗಿತು. 19ನೆಯ ಶತಮಾನದ ಮಧ್ಯಭಾಗದಲ್ಲಿ ಮೀರಜದ ಶಿಕಲಗಾರ ಮನೆತನದ ಫರೀದ್‌ಸಾಹೇಬರೂ ಅವರ ಸಹೋದರ ಮೊಯಿನುದ್ದೀನರೂ ಹೊರಗಿನಿಂದ ಬಂದ ಗಾಯಕರ ಕೆಟ್ಟ ವಾದ್ಯಗಳನ್ನು ದುರಸ್ತಿ ಮಾಡತೊಡಗಿ, ಅನಂತರ ತಾವೇ ಹೊಸ ವಾದ್ಯಗಳನ್ನು ಕಟ್ಟತೊಡಗಿದರು. ಸಂಗೀತಪ್ರಿಯರಾದ ಪಟವರ್ಧನ ಸಂಸ್ಥಾನಿಕರು ಅವರಿಗೆ ಆಶ್ರಯವನ್ನಿತ್ತರು. ಆಯುಧವನ್ನು ಹದಗೊಳಿಸಿದ ಕೈ ವಾದ್ಯವನ್ನು ಹದಗೊಳಿಸಿತು. ಗಮನಿಸಬೇಕಾದ ಅಂಶವೆಂದರೆ ಈ ಕಲೆ ಅಲ್ಲಿ ದುರಸ್ತಿಯಿಂದಲೇ ಆರಂಭವಾದುದು. ಕೆಟ್ಟುದನ್ನು ಬಿಚ್ಚಿ ನೋಡಿ, ಏಕೆ ಕೆಟ್ಟಿತೆಂಬುದನ್ನು ತಿಳಿದವರೇ ಕೆಡದಂತೆ ಕಟ್ಟುವುದನ್ನು ಕಲಿತರು.

ತಂಬೂರಿಯ ನಿರ್ಮಾಣವು ಅವಸರದ ಕೆಲಸವಲ್ಲ. ಪಂಢರಪುರದ ಆಸುಪಾಸಿನ ಭೀಮಾ ತೀರದ ಹೊಲಗಳಲ್ಲಿ ಬೆಳೆಯುವ ದೊಡ್ಡ ಬುರುಡೆಗಳನ್ನು ಆರಿಸಿ ತಂದು ತಿಂಗಳುಗಟ್ಟಲೆ ಒಣಗಿಸುತ್ತಾರೆ. ಬಾಯನ್ನು ಕೊಯ್ದು, ನೀರಿನಲ್ಲಿ ನೆನೆಸಿ ಮೆದುವಾಗಿಸಿ, ಒಳಗಿನ ತಿರುಳನ್ನು ಹೆರೆದು ತೆಗೆದು, ಬಿದಿರಿನ ಕಡ್ಡಿಗಳ ಆನಿಕೆ ಕೊಟ್ಟು ಆಕಾರಕ್ಕೆ ತಂದು ಮತ್ತೆ ಒಣಗಿಸುತ್ತಾರೆ. ತೂನ್ ಎಂಬ ಕೆಂಬಣ್ಣದ ಮರದಿಂದ ಕೊರಳನ್ನೂ ದಂಡಿಗೆಯನ್ನೂ ಬುರುಡೆಯ ಬಾಯನ್ನು ಮುಚ್ಚುವ ಹಲಗೆಯನ್ನೂ ಕೆತ್ತುತ್ತಾರೆ. ಆ ಹಲಗೆಗೆ ತಬಲಿಯೆಂದು ಹೆಸರು. ಸರೇಸಿನಿಂದ ಅಂಟಿಸಿ, ಬಿಗಿದು, ಒಣಗಿಸಿ, ಬಳ್ಳಿ ಹೂಗಳ ಕುಸುರಿಯಿಂದ ಅಲಂಕರಿಸಿ, ಅರಗಿನ ಮೆರುಗು ಕೊಟ್ಟು, ಬಿರಡೆ ತಿರುವಿ, ಕುದುರೆಯನ್ನು ನಿಲ್ಲಿಸಿ, ನಾಲ್ಕು ತಂತಿಗಳನ್ನು ಏರಿಸಿದಾಗ ವಾದ್ಯವು ಕಣ್ಣಿಗೆ ಪೂರ್ಣವಾಗುತ್ತದೆ. ಕಿವಿಗೆ ಇನ್ನೂ ಪೂರ್ಣವಾಗಿರುವುದಿಲ್ಲ.

ಈ ದಾರಿಯ ಒಂದೊಂದು ಹೆಜ್ಜೆಯಲ್ಲಿಯೂ ದೋಷವು ಹೊಂಚು ಹಾಕಿರುತ್ತದೆ. ಬುರುಡೆ ಒಣಗುವಾಗ ಬಿರಿಯಬಹುದು. ಬಿರುಕು ಚಿಕ್ಕದಾದರೆ ಮರದ ಹುಡಿಯನ್ನು ಸರೇಸಿನಲ್ಲಿ ಕಲಸಿ ತುಂಬಿ, ಒಳಗಿನಿಂದ ಬಟ್ಟೆಯ ಪಟ್ಟಿಯನ್ನು ಅಂಟಿಸಿ ಉಳಿಸಿಕೊಳ್ಳುತ್ತಾರೆ. ಹಸಿಮರದಿಂದ ಕೆತ್ತಿದ ದಂಡಿಗೆಯು ತಂತಿಯ ಸೆಳೆತಕ್ಕೆ ಬಾಗುತ್ತದೆ. ಅದಕ್ಕೆ ಮುಂಚಿತವಾದ ಎಚ್ಚರಿಕೆಯೇ ಮದ್ದು, ಬಾಗಿದ ಮೇಲೆ ಉಪಾಯ ಕಡಿಮೆ. ತಬಲಿಯು ದಪ್ಪವಾಗಿ ಉಳಿದರೆ ನಾದವು ಒಳಗೇ ಅಡಗುತ್ತದೆ. ಅದನ್ನು ಬಿಚ್ಚಿ ಒಳಮೈಯಿಂದ ಹೆರೆಯಬಹುದು. ಆದರೆ ಮಿತಿ ಮೀರಿ ತೆಳುವಾದರೆ ಕುದುರೆಯ ಭಾರಕ್ಕೆ ಅದು ಕುಸಿಯುತ್ತದೆ. ಆಗ ಹೊಸ ಹಲಗೆಯೇ ಗತಿ. ತೆಗೆದುದನ್ನು ಮರಳಿ ಕೂಡಿಸಲು ಬಾರದು ಎಂಬ ಈ ನಿಯಮವನ್ನು ಗೋಕಾಕದ ಗೊಂಬೆ ಮಾಡುವವರೂ ಬಲ್ಲರು, ಬಡಿಗರೂ ಬಲ್ಲರು. ಬಣ್ಣ ಬಳಿದು ದೋಷವನ್ನು ಮುಚ್ಚುವುದು ಗೊಂಬೆಯಲ್ಲಿ ಕೆಲಮಟ್ಟಿಗೆ ಸಾಧ್ಯವಾದೀತು, ವಾದ್ಯದಲ್ಲಿ ಸಾಧ್ಯವಿಲ್ಲ. ಕುಸುರಿಯ ಕೆಳಗೆ ಅಡಗಿದ ತಪ್ಪು ಮೊದಲನೆಯ ಮೀಟಿನಲ್ಲಿಯೇ ತಾನಾಗಿ ಬಾಯಿ ಬಿಡುತ್ತದೆ.

ಪಶ್ಚಿಮ ದೇಶದ ವಾದ್ಯಕಾರರಿಗೂ ಇದೇ ಅನುಭವ. ಅಮೇರಿಕೆಯ ಲಿಯೋ ಫೆಂಡರ್ (1909–1991) ಎಂಬವರು 1950ರಲ್ಲಿ ಗಟ್ಟಿಮರದ ವಿದ್ಯುತ್ ಗಿಟಾರನ್ನು ಮಾರುಕಟ್ಟೆಗೆ ತಂದಾಗ ಅದರ ಕುತ್ತಿಗೆಯೊಳಗೆ ಉಕ್ಕಿನ ಸಲಾಕೆಯಿರಲಿಲ್ಲ. ಗಟ್ಟಿಯಾದ ಮೇಪಲ್ ಮರವಿರುವಾಗ ಅದು ಬೇಡವೆಂದು ಅವರು ಭಾವಿಸಿದ್ದರು. ಆದರೆ ಕೆಲವು ಗಿಟಾರುಗಳ ಕುತ್ತಿಗೆ ಬಾಗಿತು. ಅವರು ಹಟ ಹಿಡಿಯದೆ ಅದೇ ವರ್ಷ ಸಲಾಕೆಯನ್ನು ಸೇರಿಸಿದರು. ಇಂದು ಬಹಳ ಬೆಲೆಯ ಗಿಟಾರುಗಳಲ್ಲಿಯೂ ಅಂತಹ ಸಲಾಕೆ ಇದ್ದೇ ಇರುತ್ತದೆ. ಅಲ್ಲಿ ವಿದ್ಯುತ್ತು ನಾದವನ್ನು ಹಿಗ್ಗಿಸುತ್ತದೆ, ನಮ್ಮಲ್ಲಿ ಬುರುಡೆ ಹಿಗ್ಗಿಸುತ್ತದೆ. ಮರಕ್ಕೂ ತಂತಿಗೂ ನಡೆಯುವ ಜಗ್ಗಾಟ ಮಾತ್ರ ಎರಡೂ ಕಡೆ ಒಂದೇ.

ತಂಬೂರಿಯ ಕಟ್ಟಕಡೆಯ, ಅತಿಸೂಕ್ಷ್ಮವಾದ ಕೆಲಸವೇ ಜವಾರಿ. ಕುದುರೆಯ ಮೇಲ್ಮೈ ಸಮತಟ್ಟಾಗಿರದೆ ಕಂಡೂ ಕಾಣದಂತಹ ಇಳಿಜಾರಿನಿಂದ ಕೂಡಿರುತ್ತದೆ. ಮಿಡಿದ ತಂತಿ ಆ ಇಳಿಜಾರನ್ನು ಮತ್ತೆ ಮತ್ತೆ ಮುಟ್ಟುತ್ತಾ ಕಂಪಿಸುತ್ತದೆ. ತಂತಿಗೂ ಕುದುರೆಗೂ ನಡುವೆ ನೂಲಿನ ಎಳೆಯೊಂದನ್ನು ಇರಿಸಿ ಹಿಂದೆ ಮುಂದೆ ಸರಿಸಿದಾಗ ಒಂದು ನಿಶ್ಚಿತ ಸ್ಥಾನದಲ್ಲಿ ನಾದವು ಒಮ್ಮೆಲೇ ಅರಳುತ್ತದೆ. ಕರ್ನಾಟಕ ಸಂಗೀತದವರು ಆ ಎಳೆಯನ್ನು ಜೀವಾಳಿ ಎಂದು ಕರೆಯುವುದು ಎಷ್ಟು ಅನ್ವರ್ಥವಾಗಿದೆ! ಸರ್ ಚಂದ್ರಶೇಖರ ವೆಂಕಟರಾಮನ್ನರು ಭಾರತೀಯ ತಂತಿವಾದ್ಯಗಳನ್ನು ಕುರಿತು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ರಹಸ್ಯವನ್ನು ವಿವೇಚಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದು ನಿಶ್ಚಲವಾಗಿರಬೇಕಾದ ಉಪಸ್ವರಗಳು ಸಾಮಾನ್ಯ ನಿಯಮದಂತೆ ಹುಟ್ಟಕೂಡದು. ವೀಣೆ ತಂಬೂರಿಗಳ ಕುದುರೆಯಿಂದಾಗಿ ಅವೂ ಹುಟ್ಟಿ ಕೇಳಿಸುತ್ತವೆಯೆಂದು ಅವರು ತೋರಿಸಿದರು. ಜವಾರಿಯನ್ನು ತಿದ್ದುವವನು ಅರದಿಂದ ಒಂದೆರಡು ಸಾರಿ ಉಜ್ಜಿ, ತಂತಿ ಏರಿಸಿ, ಕೇಳಿ, ಇಳಿಸಿ, ಮತ್ತೆ ಉಜ್ಜಬೇಕು. ಒಂದು ಉಜ್ಜು ಹೆಚ್ಚಾದರೆ ಇಡೀ ದಿನದ ಶ್ರಮ ವ್ಯರ್ಥವಾಗಿ, ಮೇಲ್ಮೈಯನ್ನೆಲ್ಲ ಹೊಸದಾಗಿ ರೂಪಿಸಬೇಕಾಗುತ್ತದೆ.

ಖಾನ್‌ಸಾಹೇಬರ ವೈಶಿಷ್ಟ್ಯವು ಬೆಳಗುವುದು ಇಲ್ಲಿಯೇ. ವಾದ್ಯವನ್ನು ಕಾರೀಗರನಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುವ ಗಾಯಕರು ಅವರಲ್ಲ. ದುರಸ್ತಿಯ ಉಪಕರಣಗಳನ್ನು ಅವರು ಸದಾ ಜೊತೆಯಲ್ಲಿಯೇ ಇರಿಸಿಕೊಳ್ಳುತ್ತಿದ್ದರು; ಕೆಟ್ಟ ವಾದ್ಯಗಳನ್ನು ಬಿಚ್ಚಿ ಸರಿಪಡಿಸುವುದರಲ್ಲಿ ಅವರದು ನುರಿತ ಕೈ. ಜವಾರಿಯ ದೋಷ ಎಲ್ಲಿದೆಯೆಂಬುದನ್ನು ಅವರ ಕಿವಿಯು ಹುಡುಕುತ್ತಿತ್ತು, ಕೈಯು ತಿದ್ದುತ್ತಿತ್ತು. ಮೀರಜದ ಕಾರೀಗರರಿಗೆ ಇಂತಹ ಕಿವಿಯೊಂದು ತಮ್ಮ ಊರಿನಲ್ಲಿಯೇ ನೆಲೆಸಿದುದು ಭಾಗ್ಯವೇ ಸರಿ. ಕಟ್ಟುವವನಿಗೆ ಮರದ ಗುಣ ಗೊತ್ತು. ಹಾಡುವವನಿಗೆ ಸ್ವರದ ಗುಣ ಗೊತ್ತು. ಇಬ್ಬರೂ ಒಂದೇ ಊರಿನಲ್ಲಿ ಕಲೆತಾಗ ಮೀರಜದ ತಂಬೂರಿಯ ನಾದವು ಇನ್ನಷ್ಟು ಪಕ್ವವಾಯಿತು. ಅವರ ಗಾಯನವೂ ಈ ಸಾಧನೆಯ ಫಲವೇ. ಅವರ ಕಂಠವು ಗಂಭೀರವಾದ ದೊಡ್ಡ ಕಂಠವಲ್ಲ. ತೆಳುವಾದ, ಎತ್ತರದ, ಆರ್ದ್ರವಾದ ಕಂಠ. ತಂಬೂರಿಯ ಝೇಂಕಾರದಲ್ಲಿ ಆ ದನಿಯು ಎಲ್ಲಿ ಮುಗಿಯಿತು, ತಂತಿಯ ದನಿ ಎಲ್ಲಿ ಮೊದಲಾಯಿತು ಎಂಬುದು ಕೇಳುವವರಿಗೆ ತಿಳಿಯದಂತೆ ಅವರು ಸ್ವರದಲ್ಲಿ ಲೀನವಾಗುತ್ತಿದ್ದರು. ಒಂದೊಂದು ಸ್ವರವನ್ನೂ ನಿಧಾನವಾಗಿ ಬೆಳೆಸುವ ಕಿರಾನಾ ಪದ್ಧತಿಗೆ ದೋಷರಹಿತವಾದ ತಂಬೂರಿಯು ಅಲಂಕಾರವಲ್ಲ, ಅಡಿಪಾಯ.

ಸ್ವರದ ಶುದ್ಧಿಯ ವಿಷಯದಲ್ಲಿ ಅವರಿಗಿದ್ದ ಕುತೂಹಲವು ಅವರನ್ನು ಶಾಸ್ತ್ರಚರ್ಚೆಗೂ ಎಳೆಯಿತು. ಸಾಂಗ್ಲಿಯ ನಿವೃತ್ತ ಅಧಿಕಾರಿಗಳಾದ ಕೃಷ್ಣಾಜಿ ಬಲ್ಲಾಳ ದೇವಲರು ಇಪ್ಪತ್ತೆರಡು ಶ್ರುತಿಗಳ ಸ್ಥಾನವನ್ನು ಅಳೆಯಲು ಹೊರಟಾಗ ಖಾನ್‌ಸಾಹೇಬರು ನೆರವಾದರು. ದೇವಲರ ಗ್ರಂಥವು 1910ರಲ್ಲಿ ಪ್ರಕಟವಾಯಿತು. ಅವರೊಡನೆ ದುಡಿದ ಕ್ಲೆಮೆಂಟ್ಸ್ ಎಂಬ ಆಂಗ್ಲ ಅಧಿಕಾರಿಗಳು ಶ್ರುತಿ ಹಾರ್ಮೋನಿಯಂ ಎಂಬ ವಾದ್ಯವನ್ನು ಮುಂದಿಟ್ಟರು. 1916ರಲ್ಲಿ ಬರೋಡಾದಲ್ಲಿ ಸೇರಿದ ಅಖಿಲ ಭಾರತ ಸಂಗೀತ ಪರಿಷತ್ತಿನಲ್ಲಿ ಅದು ತೀವ್ರವಾದ ಚರ್ಚೆಗೆ ಒಳಗಾಯಿತು. ವಿದ್ವಾಂಸರಲ್ಲಿ ಒಮ್ಮತವು ಮೂಡಲಿಲ್ಲ. ಅಚ್ಚುಕಟ್ಟಾದ ಗಣಿತದಿಂದ ಕಟ್ಟಿದ ವಾದ್ಯವೂ ಗಾಯಕನ ಕಂಠದ ಸೂಕ್ಷ್ಮಕ್ಕೆ ಹೊಂದದೆ ಹೋದೀತೆಂಬುದು ಆ ಪ್ರಸಂಗದಿಂದ ಜಿಜ್ಞಾಸುಗಳಿಗೆ ದೊರೆತ ತಿಳಿವಳಿಕೆ.

1913ರಲ್ಲಿ ಅವರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದರು. ಶಿಷ್ಯರಿಗೆ ಅಲ್ಲಿಯೇ ವಾಸ, ಅಲ್ಲಿಯೇ ಊಟ. ಮಠಗಳ ಪ್ರಸಾದ ನಿಲಯಗಳಲ್ಲಿ ಬೆಳೆದ ನಮ್ಮವರಿಗೆ ಆ ವ್ಯವಸ್ಥೆ ಹೊಸದೆನಿಸದು. ಕಚೇರಿಗಳಿಂದ ಬಂದ ಹಣವನ್ನು ಖಾನ್‌ಸಾಹೇಬರು ವಿದ್ಯಾಲಯಕ್ಕೆ ಸುರಿದರು. ಅದು ಕೆಲವು ವರ್ಷ ನಡೆದು, ನಿರ್ವಹಣೆಯ ಕಷ್ಟದಿಂದ ನಿಂತಿತು.

ಅವರ ಬಾಳಿನ ಅತ್ಯಂತ ದುಃಖಕರವಾದ ಘಟ್ಟವೂ ಆ ಕಾಲದ್ದೇ. 1920ರ ಆಸುಪಾಸಿನಲ್ಲಿ ತಾರಾಬಾಯಿಯವರು ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ಮಕ್ಕಳು ತಂದೆಯಿಟ್ಟ ಹೆಸರುಗಳನ್ನು ಬಿಟ್ಟು ಬೇರೆ ಹೆಸರುಗಳಿಂದ ಲೋಕಕ್ಕೆ ಪರಿಚಿತರಾದರು. ಅಬ್ದುಲ್ ರಹಮಾನ್ ಎಂಬವರು ಸುರೇಶಬಾಬು ಮಾನೆ ಆದರು. ಚಂಪಾಕಲಿ ಎಂಬವರು ಹೀರಾಬಾಯಿ ಬಡೋದೇಕರರಾದರು. ಮೀರಜದಲ್ಲಿಯೇ 1913ರಲ್ಲಿ ಹುಟ್ಟಿದ ಸಕೀನಾ ಸರಸ್ವತಿ ರಾಣೆಯಾದರು. ಬೇರೆಯವರ ವಾದ್ಯದ ಕೂದಲೆಳೆಯ ಬಿರುಕನ್ನೂ ಗುರುತಿಸಿ ಬೆಸೆಯಬಲ್ಲವರಾಗಿದ್ದ ಮಹನೀಯರಿಗೆ ತಮ್ಮ ಮನೆಯಲ್ಲಿ ಬಿದ್ದ ಬಿರುಕನ್ನು ಬೆಸೆಯಲಾಗಲಿಲ್ಲ. ಈ ಸಂಗತಿಯನ್ನು ಮುಚ್ಚಿಟ್ಟು ಚರಿತ್ರೆಯನ್ನು ಬರೆಯುವುದು ಬಿರುಕಿಗೆ ಬಣ್ಣ ಬಳಿದಂತೆ ಆದೀತು. ದೋಷ ಯಾರದೆಂದು ತೀರ್ಪು ಹೇಳುವ ಅಧಿಕಾರವೂ ನಮಗಿಲ್ಲ. ಆದರೆ ಅವರು ಕಲಿಸಿದ ಸ್ವರವು ಮಕ್ಕಳ ಕಂಠದಿಂದ ಅಳಿಯಲಿಲ್ಲ. ಹೆಸರು ಬದಲಾದರೂ ಆ ಮಕ್ಕಳೆಲ್ಲ ಕಿರಾನಾ ಪರಂಪರೆಯ ಗಾಯಕರಾಗಿಯೇ ಬೆಳಗಿದರು. ಹೀರಾಬಾಯಿಯವರು ಸಾರ್ವಜನಿಕ ವೇದಿಕೆಯಲ್ಲಿ ಸ್ತ್ರೀಯರ ಗಾಯನಕ್ಕೆ ಗೌರವದ ಸ್ಥಾನವನ್ನು ದೊರಕಿಸಿದವರಲ್ಲಿ ಅಗ್ರಗಣ್ಯರು.

ವಿದ್ಯಾಲಯವು ನಿಂತ ಮೇಲೂ ಮೀರಜವೇ ಅವರ ನೆಲೆಯಾಗಿತ್ತು. ಅಲ್ಲಿಂದ ಕರ್ನಾಟಕಕ್ಕೆ ಅವರ ಸಂಚಾರವು ನಿರಂತರವಾಗಿ ನಡೆಯಿತು. ಮೈಸೂರು ಅರಮನೆಯಿಂದ ಆಗಾಗ ಆಹ್ವಾನ ಬರುತ್ತಿತ್ತು; ಹೋಗುವಾಗ ಬರುವಾಗ ಧಾರವಾಡ ಹುಬ್ಬಳ್ಳಿಗಳಲ್ಲಿ ತಂಗುವುದು ಅವರ ರೂಢಿ. ದಕ್ಷಿಣದ ಸಂಗೀತವನ್ನು ಆದರದಿಂದ ಕೇಳಿ, ಅದರ ಸ್ವರಪ್ರಸ್ತಾರದ ಕ್ರಮವನ್ನು ತಮ್ಮದಾಗಿಸಿಕೊಂಡು, ತ್ಯಾಗರಾಜರ ಕೃತಿಯನ್ನು ಹಾಡಿ ಮುದ್ರಿಸಿದ ಉತ್ತರದ ಗಾಯಕರು ಅವರು. ಕುಂದಗೋಳದ ರಾಮಭಾವು ಅವರಲ್ಲಿ ಶಿಷ್ಯತ್ವವನ್ನು ವಹಿಸಿ ಮುಂದೆ ಸವಾಯಿ ಗಂಧರ್ವರೆಂದು (1886–1952) ವಿಖ್ಯಾತರಾದರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ (1913–2009), ಭೀಮಸೇನ ಜೋಶಿ (1922–2011) ಮೊದಲಾದವರು ಕಲಿತರು. ಬಾಲಕ ಭೀಮಸೇನರು ಗುರುವನ್ನು ಅರಸುತ್ತಾ ಮನೆ ಬಿಡಲು ಖಾನ್‌ಸಾಹೇಬರ ಧ್ವನಿಮುದ್ರಿಕೆಯೇ ಪ್ರೇರಣೆಯಾಯಿತೆಂಬುದು ಲೋಕಪ್ರಸಿದ್ಧ. ಹೀಗೆ ಕೈರಾನಾದ ಬಳ್ಳಿಯು ಮೀರಜದಲ್ಲಿ ಬೇರೂರಿ ಕನ್ನಡದ ಚಪ್ಪರದ ಮೇಲೆ ಹಬ್ಬಿ ಹೂ ಬಿಟ್ಟಿತು.

1937ರ ಅಕ್ಟೋಬರ ತಿಂಗಳಿನಲ್ಲಿ ಅವರು ಮದರಾಸಿನಲ್ಲಿ ಹಾಡಿ, ಪಾಂಡಿಚೇರಿಯ ಅರವಿಂದಾಶ್ರಮಕ್ಕೆಂದು ರೈಲಿನಲ್ಲಿ ಹೊರಟರು. ದಾರಿಯಲ್ಲಿ ಎದೆಯಲ್ಲಿ ವೇದನೆ ಕಾಣಿಸಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ನಿಲ್ದಾಣದಲ್ಲಿ ಇಳಿದರು. ನಿಲ್ದಾಣದ ಕಟ್ಟೆಯ ಮೇಲೆ ಹಾಸಿಗೆ ಹಾಸಿಸಿಕೊಂಡು, ತಂಬೂರಿಯನ್ನು ಶ್ರುತಿಗೂಡಿಸಿ, ದರ್ಬಾರಿ ರಾಗದಲ್ಲಿ ಭಗವಂತನನ್ನು ಸ್ಮರಿಸುತ್ತಾ ಅಕ್ಟೋಬರ 27ರಂದು ದೇಹವನ್ನು ತ್ಯಜಿಸಿದರು. ಪಾರ್ಥಿವ ಶರೀರವನ್ನು ಮೀರಜಕ್ಕೆ ತಂದು ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಸಮಾಧಿ ಮಾಡಲಾಯಿತು. ಅಲ್ಲಿ ಪ್ರತಿವರ್ಷವೂ ಉರುಸಿನ ಕಾಲಕ್ಕೆ ಸಂಗೀತೋತ್ಸವವು ನಡೆಯುತ್ತದೆ. ನಾಡಿನ ನಾನಾ ಭಾಗದ ಗಾಯಕರು ಬಂದು ಸೇವೆಯನ್ನು ಸಲ್ಲಿಸುತ್ತಾರೆ. ಮೀರಜದ ಸಿತಾರಕ್ಕೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆತಿದೆ. ವಿದ್ಯುತ್ ತಂಬೂರಿಯ ಪೆಟ್ಟಿಗೆಯು ಎಲ್ಲೆಡೆ ಹಬ್ಬಿರುವ ಈ ಕಾಲದಲ್ಲಿಯೂ ಅಲ್ಲಿಯ ಗಲ್ಲಿಯ ಅಂಗಡಿಗಳಲ್ಲಿ ಬುರುಡೆ ಒಣಗುತ್ತವೆ, ಅರ ಸದ್ದು ಮಾಡುತ್ತದೆ.

ನಮ್ಮ ಶಾಲೆಯ ವಿದ್ಯಾರ್ಥಿಗಳಲ್ಲಿ ಎಲ್ಲರೂ ಗಾಯಕರಾಗಲಾರರು. ಆದರೆ ಬಡಿಗತನ, ಕಮ್ಮಾರಿಕೆ, ಒಕ್ಕಲುತನ, ಯಂತ್ರವಿದ್ಯೆ ಯಾವುದನ್ನೇ ಕೈಗೊಂಡರೂ ಕೆಲಸದ ನಡುವೆ ತಪ್ಪು ತಲೆದೋರದೆ ಇರದು. ಆಗ ಕೋಪದಿಂದ ವಸ್ತುವನ್ನು ಎಸೆಯುವವನೂ ಉಂಟು. ಮೇಲೆ ಬಣ್ಣ ಬಳಿದು ಕೊಳ್ಳುವವನನ್ನು ವಂಚಿಸುವವನೂ ಉಂಟು. ಖಾನ್‌ಸಾಹೇಬರು ಹಿಡಿದ ದಾರಿ ಇವೆರಡೂ ಅಲ್ಲ. ತಂತಿಯನ್ನು ಇಳಿಸಿ, ದೋಷವಿರುವ ತಾಣವನ್ನು ಕಿವಿಗೊಟ್ಟು ಹುಡುಕಿ, ಬೇಕಾದಷ್ಟನ್ನೇ ಹೆರೆದು, ಮತ್ತೆ ಮೀಟಿ ಕೇಳುವ ಸಹನೆಯ ದಾರಿ ಅವರದು. ಹತ್ತು ಸಾರಿಗೆ ಸರಿಹೋಗದಿದ್ದರೆ ಹನ್ನೊಂದನೆಯ ಸಾರಿ ಕೂಡಲು ಅವರಿಗೆ ಬೇಸರವಿರಲಿಲ್ಲ. ಆ ಸಹನೆಯು ನಮ್ಮ ಮಕ್ಕಳ ಕೈಗಳಿಗೂ ಕರಗತವಾಗಲಿ. ಆ ನಾದಯೋಗಿಯ ಸ್ಮರಣೆಯು ಈ ನಾಡಿನಲ್ಲಿ ಚಿರಕಾಲ ಬಾಳಲಿ.